ಹಾಲಮ್ಮನ ಗೇಮ್ ಅಂಗಡಿ ಕಾದ ಕೊಟ್ರೇಶಿ

ಹೂಂ ಅನ್ನುವವರಿದ್ದರೆ ಹೇಳ್ತೀನಿ, ಆಕಳಿಸುವವರು ಈಗಲೇ ಎದ್ದು ಹೋಗಿ. ಹರಿಹರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಕೊಟ್ರೇಶಿ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಮಾತು ಕೇಳದ ಮಕ್ಕಳನ್ನು ಬಯ್ಯುವ ತಾಯಂದಿರನ್ನು ನೀವು ಬೇಕಾದಷ್ಟು ನೋಡಿದ್ದೀರಿ. ಹಾಲಮ್ಮನ ಕಷ್ಟವೇ ಬೇರೆ. ಅವಳ ಮಗ ಹೇಳಿದ ಮಾತನ್ನೆಲ್ಲ ಕೇಳುತ್ತಿದ್ದ, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ!

ಗಂಡ ತೀರಿಕೊಂಡ ಮೇಲೆ ಅವನ ಗೇಮ್ ಅಂಗಡಿಯನ್ನು ಹಾಲಮ್ಮನೇ ನಡೆಸುತ್ತಿದ್ದಳು. ಗೋಡೆಯುದ್ದಕ್ಕೂ ಕಂಪ್ಯೂಟರು, ಮೂಲೆಯಲ್ಲೊಂದು ಟೀವಿ, ಟೀವಿಯ ಕೆಳಗೆ ಅದಕ್ಕೆ ಸಿಕ್ಕಿಸಿ ಗೇಮ್ ಆಡುವ ಪೆಟ್ಟಿಗೆ, ಕನ್ಸೋಲು. ಓಣಿಯವರೆಲ್ಲ ಬಂದು ಕೂತು ಆಡಿ ಹೋಗುತ್ತಿದ್ದರು. ಈಚೆಗೆ ರುದ್ರೇಶ ಅನ್ನುವವನು ಎದುರಿಗೇ ಏಸಿ ಹಾಕಿಸಿ ಇನ್ನೊಂದು ಗೇಮ್ ಅಂಗಡಿ ತೆರೆದಿದ್ದ. ಅವತ್ತಿನಿಂದ ಹಾಲಮ್ಮನಿಗೆ ಊಟ ಸೇರದು. ಗಿರಾಕಿಗಳು ಅತ್ತ ಹೋದರೆ ಅಂಗಡಿ ಹೋಯಿತು, ಅಂಗಡಿ ಹೋದರೆ ನಾನು ಸತ್ತ ಮೇಲೆ ಈ ಪೆದ್ದನಿಗೆ ಅನ್ನ ಹಾಕುವವರು ಯಾರು?

"ಕೊಟ್ರೇಶಿ, ಇವತ್ತಿಂದ ಅಂಗಡಿ ಕಾಯೋದು ಕಲಿಯಪ್ಪ."

"ಹೂನವ್ವ!"

ಕೂತ. ಆಟೋ ಓಡಿಸುವ ದಾದಾಪೀರ್ ಬಂದು ಕಂಪ್ಯೂಟರಿನ ಮುಂದೆ ಕಾರ್ ರೇಸಿಗೆ ಕೂತ. ಕಾರು ಒಂದು ಗಜ ಓಡುತ್ತದೆ, ನಿಲ್ಲುತ್ತದೆ. ಮತ್ತೊಂದು ಗಜ ಓಡುತ್ತದೆ, ಮತ್ತೆ ನಿಲ್ಲುತ್ತದೆ.

"ಏನೋ ಇದು! ನನ್ನ ಆಟೋನೇ ವಾಸಿ! ಡಬ್ಬಾ ಮುಟ್ಟಿ ನೋಡು, ಹೆಂಗೆ ಸುಡ್ತೈತೆ!"

ಕೊಟ್ರೇಶಿ ಮುಟ್ಟಿ ನೋಡಿದ. ಹೌದು, ಸುಡುತ್ತಿದೆ. ಜ್ವರ ಬಂದು ಮೈ ಸುಟ್ಟರೆ ಒದ್ದೆ ಬಟ್ಟೆ ಹಾಕಬೇಕು ಅಂತ ಅವ್ವ ಯಾವಾಗಲೂ ಹೇಳುತ್ತಾಳೆ. ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿದ, ಹಿಂಡಲೂ ಇಲ್ಲ, ತಂದು ಕಂಪ್ಯೂಟರಿನ ಮೇಲೆ ಹೊದಿಸಿದ. ಚಟ್! ಚಟಚಟ್! ಹೊಗೆ ಬಂತು. ದಾದಾಪೀರ್ ಕುರ್ಚಿಯ ಮೇಲೆ ಹತ್ತಿ ನಿಂತ.

ಹಾಲಮ್ಮ ಓಡಿ ಬಂದಳು. "ಅಯ್ಯೋ ನನ್ನ ಕರ್ಮವೇ! ಯಂತ್ರಕ್ಕೆ ನೀರು ಹಾಕ್ತಾರೇನೋ? ಬಿಸಿಯಾಗಿದ್ರೆ ಮುಚ್ಚಳ ತೆಗೆದು, ಫ್ಯಾನಿನ ಮುಂದಿಟ್ಟು, ಜೋರಾಗಿ ಗಾಳಿ ಹೊಡಿಸ್ಬೇಕು!"

"ಹೂನವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೇ ದಿನ ಗಿರಾಕಿಗಳನ್ನು ಒಲಿಸಿಕೊಳ್ಳೋಣವೆಂದು ಹಾಲಮ್ಮ ಒಗ್ಗರಣೆ ಹಾಕಿದ ಖಾರ ಮಂಡಕ್ಕಿಯನ್ನು ದೊಡ್ಡ ಪಾತ್ರೆ ತುಂಬ ಮಾಡಿ, ಮಗನ ತಲೆಯ ಮೇಲೆ ಹೊರಿಸಿ ಅಂಗಡಿಗೆ ಕಳಿಸಿದಳು. ಕೊಟ್ರೇಶಿ ಇಳಿಸಿ ಮುಟ್ಟಿದ. ಬಿಸಿ! ಅವನಿಗೆ ಖುಷಿಯೋ ಖುಷಿ, ಈ ಸಲ ಏನು ಮಾಡಬೇಕೆಂದು ಗೊತ್ತಿತ್ತಲ್ಲ. ಮುಚ್ಚಳ ತೆಗೆದ, ಫ್ಯಾನಿನ ಮುಂದಿಟ್ಟ, ಗುಂಡಿ ಒತ್ತಿದ.

ಭರ್ರ್ ಅಂತ ಎದ್ದಿತು ನೋಡಿ ಮಂಡಕ್ಕಿ! ಗೋಡೆಗೆ ಮಂಡಕ್ಕಿ, ಕೂದಲಿಗೆ ಮಂಡಕ್ಕಿ, ಕೀಬೋರ್ಡಿನ ಸಂದಿಗೆ ಮಂಡಕ್ಕಿ, ಬಾಯಿ ತೆರೆದು ನೋಡುತ್ತಿದ್ದವರ ಬಾಯಿಗೂ ಮಂಡಕ್ಕಿ. ದಾದಾಪೀರನ ಕಣ್ಣಿಗೆ ಹಸಿಮೆಣಸಿನಕಾಯಿ.

ಹಿಂದೆಯೇ ಬಂದ ಹಾಲಮ್ಮ ಹಣೆ ಬಡಿದುಕೊಂಡಳು. "ಥೂ ನಿನ್ನ! ಇಂಥಾದ್ದಕ್ಕೆ ಗಾಳಿ ತೋರಿಸ್ತಾರಾ? ಡಬ್ಬಿಗೆ ಹಾಕಿ, ಬಿಗಿಯಾಗಿ ಮುಚ್ಚಿ, ಮೇಲೆ ದಪ್ಪನೆ ಬಟ್ಟೆ ಸುತ್ತಿ ಗಂಟು ಹಾಕ್ಬೇಕು!"

"ಹೂನವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಆಮೇಲೆ ಹೊಸ ಕನ್ಸೋಲು ಬಂತು. ರುದ್ರೇಶನ ಅಂಗಡಿಯಲ್ಲೂ ಇಲ್ಲದ ಕನ್ಸೋಲು! ಕಿವಿಯ ಓಲೆ ಮಾರಿ ತರಿಸಿದ್ದಳು ಹಾಲಮ್ಮ. "ಇದು ನನ್ನ ಪ್ರಾಣ ಕಣೋ, ಜೋಪಾನ" ಅಂದಳು. ಕೊಟ್ರೇಶಿ ಜೋಪಾನ ಮಾಡಿದ. ಹಿಟ್ಟಿನ ಡಬ್ಬಿಯಲ್ಲಿಟ್ಟು, ವೈರು ಆಚೆ ಬಿಟ್ಟು, ಮುಚ್ಚಳ ಬಿಗಿದು, ಕಂಬಳಿ ಸುತ್ತಿ ಗಂಟು ಹಾಕಿದ. ಹುಡುಗರು ಆಡುತ್ತಿದ್ದ ಹಾಗೇ ಒಳಗಿನಿಂದ ಗೊರಗೊರ ಸದ್ದು ಬಂತು, ಆಮೇಲೆ ಸುಟ್ಟ ವಾಸನೆ ಬಂತು, ಆಮೇಲೆ ಟೀವಿ ಕಪ್ಪಾಯಿತು.

ಹಾಲಮ್ಮ ಗಂಟು ಬಿಚ್ಚಿದಳು, ಅತ್ತಳು, ಬಡಿದಳು. "ಉಸಿರು ಕಟ್ಟಿಸಿ ಕೊಂದ್ಯಲ್ಲೋ! ಗೊತ್ತಿಲ್ಲದಿದ್ರೆ ಬಂದ ಗಿರಾಕೀನ ಕೇಳೋಕೆ ಏನು ಧಾಡಿ? ಅವರು ಹೆಂಗೆ ಹೇಳ್ತಾರೋ ಹಂಗೆ ಮಾಡು!"

"ಹೂನವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಕನ್ಸೋಲು ರಿಪೇರಿಗೆ ಹೋಯಿತು. ಅದರ ಜಾಗಕ್ಕೆ ಅಟ್ಟದ ಮೇಲಿನ ಹಳೇದು ಬಂತು. ಅವತ್ತೇ ಕಾಲೇಜಿನ ಮುರುಗೇಂದ್ರಪ್ಪ ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ನಾನು ಹುಡುಗ ಇದ್ದಾಗ ಕತ್ತಿ ಹಿಡಿದ ರಾಜನ ಗೇಮ್ ಆಡ್ತಿದ್ದೆ ಕಣಪ್ಪ. ಅದರ ರೀಮೇಕ್ ಬಂದೈತಂತೆ. ಹಾಕು ನೋಡಾಣ."

"ರೀಮೇಕ್ ಅಂದ್ರೆ ಹೆಂಗಿರ್ತೈತೆ ಸಾರ್?"

"ಹಳೇ ಗೇಮೇ. ಕತೆ ಅದೇ, ರಾಜ ಅವನೇ. ಮುಖಕ್ಕೆ ಹೊಸ ಬಣ್ಣ, ಹೊಸ ಮೀಸೆ ಕೊಟ್ಟಿರ್ತಾರೆ, ಅಷ್ಟೇ."

"ಅಷ್ಟೇನಾ ಸಾರ್! ಕೂತ್ಕಳ್ರಿ!"

ಹಳೇ ಗೇಮ್ ಹಾಕಿದ. ಬಾಗಿಲಿಗೆ ಬಳಿದು ಉಳಿದಿದ್ದ ಪೇಂಟು ತಂದ. ಟೀವಿಯ ಗಾಜಿನ ಮೇಲೆ ರಾಜ ಎಲ್ಲಿ ನಿಂತಿದ್ದನೋ ಅಲ್ಲಿಗೆ ಸರಿಯಾಗಿ ಗುಲಾಬಿ ಕೆನ್ನೆ ಬಳಿದ, ದಪ್ಪ ಮೀಸೆ ಬರೆದ. ಮೇಷ್ಟ್ರು ಗುಂಡಿ ಒತ್ತಿದರು. ರಾಜ ಮುಂದೆ ಹೋದ, ಮೀಸೆ ಹೋಗಲಿಲ್ಲ! ರಾಜ ಜಿಗಿದ, ಮೀಸೆ ಜಿಗಿಯಲಿಲ್ಲ! ರಾಕ್ಷಸ ಬಂದು ಅಲ್ಲಿ ನಿಂತ, ರಾಕ್ಷಸನಿಗೆ ಮೀಸೆ ಬಂತು. ರಾಜಕುಮಾರಿ ಬಂದು ನಿಂತಳು, ಅವಳಿಗೂ ಬಂತು. ಯಾರನ್ನು ಹೊಡೆಯಬೇಕೋ ತಿಳಿಯದೆ ಮೇಷ್ಟ್ರು ಮೀಸೆಗೆ ಗುರಿಯಿಟ್ಟು ಕತ್ತಿ ಬೀಸಿದರು. ರಾಜಕುಮಾರಿ ಸತ್ತಳು, ಗೇಮ್ ಮುಗಿಯಿತು.

"ಏನಯ್ಯಾ! ನನ್ನ ಬಾಲ್ಯಕ್ಕೇ ಮಸಿ ಬಳಿದ್ಯಲ್ಲೋ!" ಅಂತ ಮೇಷ್ಟ್ರು ನೆಟ್ಟಗೆ ಎದುರಿನ ಅಂಗಡಿಗೆ ನಡೆದರು.

ಹಾಲಮ್ಮನಿಗೆ ಬಯ್ಯಲೂ ತ್ರಾಣವಿರಲಿಲ್ಲ, ಆದರೂ ಬಯ್ದಳು. ಯಾಕೆಂದರೆ ಭಾನುವಾರ ಕಾರ್ ರೇಸಿನ ಪಂದ್ಯ ಇತ್ತು. ದಾದಾಪೀರ್ ಒಳ್ಳೆಯವನು, ಕಣ್ಣುರಿ ಮರೆತು ಓಣಿಯವರನ್ನೆಲ್ಲ ಒಪ್ಪಿಸಿದ್ದ. ಪಂದ್ಯ ಸರಿಯಾಗಿ ನಡೆದರೆ ಎಲ್ಲರೂ ಇಲ್ಲೇ ಬರುತ್ತಾರೆ, ಕೆಟ್ಟರೆ ಎದುರಿಗೆ ಹೋಗುತ್ತಾರೆ ಅಂತ ಮಾತಾಗಿತ್ತು. ಅಂಗಡಿಗೆ ಅದೇ ಕೊನೆಯ ಆಸೆ.

"ಲೇ, ಇದ್ದದ್ದರ ಮೇಲೆ ಏನೂ ಮೆತ್ತೋಕೆ ಹೋಗ್ಬೇಡ! ಹೊಸ ಗೇಮಿನ ಭಾರ ನಮ್ಮ ಯಂತ್ರ ಹೊರಲ್ಲ. ಕನ್ಸೋಲಿನಲ್ಲಾದ್ರೆ ಗೇಮ್ ಮಾಡಿದೋರು ಕೊಟ್ಟಿದ್ದೇ ಗತಿ. ಕಂಪ್ಯೂಟರಿನಲ್ಲಿ ಆ ಭಾರಾನ ನಾವೇ ಕಮ್ಮಿ ಮಾಡ್ಕೋಬಹುದು. ರೇಸು ತಡವರಿಸಿದ್ರೆ ನೆರಳು ಕಮ್ಮಿ ಮಾಡು, ಹುಲ್ಲು ಕಮ್ಮಿ ಮಾಡು, ಸುತ್ತ ನಿಂತು ನೋಡೋ ಜನಾನ ಕಮ್ಮಿ ಮಾಡು. ಸಲೀಸಾಗಿ ಓಡ್ತೈತೆ!"

"ಹೂನವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಅವಳು ಹೇಳಿದ್ದು ಪರದೆಯೊಳಗಿನ ನೆರಳು, ಪರದೆಯೊಳಗಿನ ಹುಲ್ಲು, ಪರದೆಯೊಳಗಿನ ಜನ. ಗೇಮಿನ ಸೆಟ್ಟಿಂಗಿನಲ್ಲಿ ಅವನ್ನು ಕಮ್ಮಿ ಮಾಡಿದರೆ ಯಂತ್ರಕ್ಕೆ ಕೆಲಸ ಹಗುರವಾಗುತ್ತದೆ. ನಿಮಗೆ ತಿಳಿಯಿತು, ನನಗೂ ತಿಳಿಯಿತು. ನಾವು ಕೊಟ್ರೇಶಿಯಲ್ಲವಲ್ಲ.

ಭಾನುವಾರ ಬಿಸಿಲು ಅಂದರೆ ಬಿಸಿಲು. ಅಂಗಡಿಯ ಮುಂದೆ ಶಾಮಿಯಾನ ಹಾಕಿಸಿದ್ದಳು. ಜನ ಕಿಕ್ಕಿರಿದಿದ್ದರು. ಮೇಷ್ಟ್ರು ಕೂಡ ಸಿಟ್ಟು ಬಿಟ್ಟು ಬಂದಿದ್ದರು! ಹಾಲಮ್ಮನ ಕಣ್ಣು ತುಂಬಿತು, ದೇವರು ಕಣ್ಣು ಬಿಟ್ಟ ಅಂದುಕೊಂಡಳು. ಗೆದ್ದವರಿಗೆ ಹೂವಿನ ಹಾರ ತರಲು ಮಾರ್ಕೆಟ್ಟಿಗೆ ಹೋದಳು.

ಹಾರ ಹಿಡಿದು ವಾಪಸು ಬಂದರೆ ಶಾಮಿಯಾನ ಇಲ್ಲ! ಹಗ್ಗ ಬಿಚ್ಚಿ ಮಡಿಸಿಟ್ಟಿದೆ. ಪಕ್ಕದ ಹಾಲಿನ ಗಂಗಣ್ಣ ಗಟಾರಕ್ಕೆ ಇಳಿದು "ನನ್ನ ಎಮ್ಮೆ ಹುಲ್ಲೋ!" ಅಂತ ಬೊಬ್ಬೆ ಹೊಡೆಯುತ್ತಾ ಹೊರೆ ಎತ್ತುತ್ತಿದ್ದಾನೆ. ಎದುರಿನ ಏಸಿ ಅಂಗಡಿಯೊಳಗೆ ದಾದಾಪೀರ್, ಮೇಷ್ಟ್ರು, ಓಣಿಗೆ ಓಣಿಯೇ ಕೂತಿದೆ. ರುದ್ರೇಶ ಅವರಿಗೆಲ್ಲ ಶರಬತ್ತು ಕೊಡುತ್ತಿದ್ದಾನೆ. ದಾದಾಪೀರ್ ಬೆನ್ನು ತೋರಿಸಿದ. ಪೊರಕೆ ಏಟು ಎದ್ದು ಕಾಣುತ್ತಿತ್ತು.

ಹಾಲಮ್ಮ ಹಾರ ಹಿಡಿದೇ ತನ್ನ ಅಂಗಡಿಯೊಳಗೆ ಓಡಿದಳು. ಅಂಗಡಿ ಭಣಭಣ. ನಡುವೆ ಕೊಟ್ರೇಶಿ ಒಬ್ಬನೇ, ಕಂಕುಳಲ್ಲಿ ಪೊರಕೆ, ಕಣ್ಣು ಕಂಪ್ಯೂಟರಿನ ಮೇಲೆ.

"ಅವ್ವಾ, ನೀನು ಹೇಳ್ದಂಗೇ ಮಾಡ್ದೆ! ನೆರಳು ತೆಗ್ದೆ, ಹುಲ್ಲು ತೆಗ್ದೆ, ಜನಾನೂ ತೆಗ್ದೆ. ಬಾಳ ಸುಧಾರಿಸೈತೆ. ಆದ್ರೆ ಒಂಚೂರು ಇನ್ನೂ ತಡವರಿಸ್ತೈತೆ, ಯಾಕೆ ಅಂತ ತಿಳೀವಲ್ದು."

ಯೋಚನೆ ಮಾಡಿದ. ಅಂಗಡಿಯನ್ನೆಲ್ಲ ಒಮ್ಮೆ ನೋಡಿದ. ನಿಂತು ನೋಡುತ್ತಿದ್ದ ಅವ್ವನನ್ನು ನೋಡಿದ. ಮುಖ ಅರಳಿತು. ಪೊರಕೆ ಕೆಳಗಿಟ್ಟು, ಅವಳನ್ನು ಹಾರದ ಸಮೇತ ಹೂವಿನ ಹಾಗೆ ಎತ್ತಿಕೊಂಡು ಹೋಗಿ, ಸುಡುವ ಬಿಸಿಲಲ್ಲಿ ನಿಲ್ಲಿಸಿ, ಒಳಗೆ ಬಂದು ಬಾಗಿಲು ಹಾಕಿ ಚಿಲಕ ಜಡಿದ.

"ಅವ್ವಾ! ಈಗ ನೀರು ಹರಿದಂಗೆ ಓಡ್ತೈತೆ! ಯಾರನ್ನಾದ್ರೂ ಆಡೋಕೆ ಕರಿ!"

ಹಾಲಮ್ಮ ಎರಡೂ ಕೈಯಿಂದ ಬಾಗಿಲು ಬಡಿದಳು. "ಎಲ್ರೂ ಹೋದ್ರಲ್ಲೋ! ಬಾಗಿಲು ತೆಗಿಯೋ ಮುಂಡೇದೆ!"

"ತೆಗೆಯಲ್ಲವ್ವ! ನೀನು ಒಳಗೆ ಬಂದ್ರೆ ಮತ್ತೆ ತಡವರಿಸ್ತೈತೆ!"