ಓಡಿ ಸೊರಗಿದ ಬ್ಯಾಟರಿ

ದೋಣಿ ಸ್ಪರ್ಧೆ ಗೆದ್ದ ಮಾರನೆಯ ಬೆಳಿಗ್ಗೆ ನಮ್ಮ ಪಾಲಿಟೆಕ್ನಿಕ್ಕಿನ ಪ್ರಿನ್ಸಿಪಾಲ್ ಪಾರ್ಶ್ವನಾಥಯ್ಯನವರು ಏನು ಮಾಡಿದರು, ಹೇಳಿ ನೋಡೋಣ? ನಿಮಗೆ ಹೊಳೆಯಲಿಕ್ಕಿಲ್ಲ.

ಸ್ಪರ್ಧೆ ರಿಮೋಟ್ ದೋಣಿಗಳದು. "ಜೋರಾಗಿ ಓಡಬೇಕು. ಇರುವುದರಲ್ಲೇ ದೊಡ್ಡ ಬ್ಯಾಟರಿ ಹಾಕಯ್ಯ. ಸೋತರೆ ನಿನಗೆ ಹಾಸ್ಟೆಲ್ ಅಡುಗೆಮನೆಗೆ ವರ್ಗ," ಎಂದು ಅವರು ಲ್ಯಾಬಿನ ಅಟೆಂಡರನಿಗೆ ಅಪ್ಪಣೆ ಮಾಡಿದ್ದರು.

ಅವನು ಹಾಕಿ ನೋಡಿದ. ಆ ಭಾರಕ್ಕೆ ದೋಣಿ ಕೆರೆಗಿಳಿದ ಎಮ್ಮೆಯ ಹಾಗೆ ಮೂಗಷ್ಟೇ ಮೇಲಿಟ್ಟು ತೆವಳಿತು. ಹೇಳಿದರೆ ಸಾಹೇಬರು ಕೇಳುವವರಲ್ಲ. ಅಷ್ಟೇ ವೋಲ್ಟಿನ ಹಗುರ ಬ್ಯಾಟರಿಯೊಂದನ್ನು ತಂದ. ಕೆಟ್ಟುಹೋಗಿದ್ದ ದೊಡ್ಡ ಬ್ಯಾಟರಿಯ ಖಾಲಿ ಹೊದಿಕೆಯೊಳಗೆ ಅದನ್ನು ಕೂರಿಸಿದ.

ದೋಣಿ ಗೆದ್ದಿತು.

"ನೋಡಿದಿರಾ ದೊಡ್ಡ ಬ್ಯಾಟರಿಯ ಮಹಿಮೆ!" ಎಂದು ಪ್ರಿನ್ಸಿಪಾಲರು ಎಲ್ಲರಿಗೂ ತೋರಿಸಲು ಅದನ್ನು ಬಲವಾಗಿ ಎತ್ತಿದರು. ಕೈ ಹಗುರಾಗಿ ತಲೆಯ ಮೇಲಕ್ಕೇ ಹೋಯಿತು.

"ಏನಯ್ಯ ಇದು, ಇಷ್ಟು ಹಗುರ?"

"ಅಷ್ಟು ಓಡಿದೆಯಲ್ಲ ಸಾರ್," ಎಂದ ಅಟೆಂಡರ್. "ಮೈ ಇಳಿದಿದೆ."

ಪ್ರಿನ್ಸಿಪಾಲರು ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡರು. ಅಡುಗೆಮನೆಯ ಮಾತನ್ನು ಮತ್ತೆ ಎತ್ತಲಿಲ್ಲ.

ದೋಣಿ ಓಡಿದ್ದು 2012ರ ಫೆಬ್ರವರಿ ಹನ್ನೊಂದು, ಶನಿವಾರ. ಪ್ರಿನ್ಸಿಪಾಲರು ಕಾಲೇಜು ಮೈದಾನದ ಸುತ್ತ ಓಡಿದ್ದು ಹನ್ನೆರಡು, ಭಾನುವಾರ.