ತಿರುಗಿಸಿ ನೋಡಿದ ಪಾದ

“ಗುರುಗಳೇ, ಪಾದಕ್ಕೆ ಹೂವಿಡುವವರ ಸೇವೆ ದೊಡ್ಡದೋ, ಪಾದಕ್ಕೆ ಮದ್ದು ಹಚ್ಚುವವರದೋ?”

ಶಿಷ್ಯ ಪೇಟೆಯಿಂದ ಓಡಿಬಂದಿದ್ದ. ಕೈಯಲ್ಲಿ ಕರಪತ್ರವಿತ್ತು. “ಪೇಟೆಯಲ್ಲಿ ಪಾದಗಳಿಗೆಂದೇ ಒಂದು ಆಸ್ಪತ್ರೆ ಬರುತ್ತಿದೆ! ಆಣಿ ತೆಗೆಯುತ್ತಾರಂತೆ, ಒಡೆದ ಹಿಮ್ಮಡಿಗೆ ಮದ್ದು ಕೊಡುತ್ತಾರಂತೆ, ಸಕ್ಕರೆ ಕಾಯಿಲೆಯವರ ಕಾಲನ್ನು ಪುಕ್ಕಟೆ ನೋಡುತ್ತಾರಂತೆ!”

“ಮೊದಲು ಕೂತು ಉಸಿರಾಡಪ್ಪ” ಎಂದು ಗುರುಗಳು ನಕ್ಕು, ಹೇಳತೊಡಗಿದರು.

ಒಂದೂರಿನಲ್ಲಿ ಇಂಥದೇ ಆಸ್ಪತ್ರೆ ತೆರೆಯಿತು. ಊರಿಗೆ ಊರೇ ಸಡಗರಪಟ್ಟಿತು. ಬಾಗಿಲಿಗೆ ತೋರಣ, ಅಂಗಳದಲ್ಲಿ ಓಲಗ. ಉದ್ಘಾಟನೆಗೆ ಮಠದ ಸ್ವಾಮಿಗಳನ್ನು ಕರೆತಂದರು. ಅವರ ಪಾದಕ್ಕೆ ದಿನವೂ ನೂರಾರು ಜನ ಹಾಲೆರೆದು, ಮಾಲೆಯಿಟ್ಟು, ಹಣೆ ಹಚ್ಚುತ್ತಿದ್ದರು.

ಮೊದಲು ಸ್ವಾಮಿಗಳೇ ರೋಗಿಯ ಕುರ್ಚಿಯಲ್ಲಿ ಕೂರಬೇಕೆಂದು ಜನ ಹಟ ಹಿಡಿದರು. ಶಾಸ್ತ್ರಕ್ಕೆಂದು ಅವರು ಕೂತರು. ವೈದ್ಯೆ ಅಡ್ಡಬೀಳುತ್ತಾಳೆಂದು ಎಲ್ಲರೂ ಕಾದರು. ಆಕೆ ಅಡ್ಡಬೀಳಲಿಲ್ಲ. ಮಣೆ ಎಳೆದುಕೊಂಡು ಕೂತಳು, ಪಾದವನ್ನು ಮಡಿಲಿಗೆ ತೆಗೆದುಕೊಂಡಳು, ಅಂಗಾಲು ತಿರುಗಿಸಿ ನೋಡಿದಳು.

“ಏನಮ್ಮಾ ಇದು! ಬುದ್ಧಿಯೋರ ಪಾದಾನ ಹಿಂಗೆ ತಿರುವಿ ನೋಡೋದಾ?” ಎಂದು ಭಕ್ತನೊಬ್ಬ ಗುಡುಗಿದ. ಓಲಗ ನಿಂತಿತು.

ವೈದ್ಯೆ ತಲೆ ಎತ್ತಲಿಲ್ಲ. ಅಂಗಾಲಿಗೆ ಮೆತ್ತಿದ್ದ ಕುಂಕುಮ ಒರೆಸಿದಳು. ಅಡಿಯಲ್ಲಿ ಕೀವು ತುಂಬಿದ ಹುಣ್ಣಿತ್ತು. ಚಿಮಟದಿಂದ ಮೆಲ್ಲನೆ ಎಳೆದಾಗ ತಂತಿಯ ಚೂರೊಂದು ಬಂತು. ಹೂಮಾಲೆ ಕಟ್ಟುವ ತಂತಿ.

“ಬುದ್ಧಿ, ನೋವಾಗ್ಲಿಲ್ವಾ?”

“ಇಲ್ಲವಲ್ಲ ತಾಯಿ.”

“ಅದೇ ಭಯ. ಸಕ್ಕರೆ ಕಾಯಿಲೆ ಇದ್ರೆ ಚುಚ್ಚಿದ್ದೂ ಗೊತ್ತಾಗಲ್ಲ. ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಕಾಲೇ ತೆಗೀಬೇಕಾಗ್ತಿತ್ತು. ಈಗ ಉಳಿಯುತ್ತೆ.”

ಗುಡುಗಿದವನು ತಂತಿಯನ್ನು ನೋಡಿದ. ಅದು ಅವನು ತಂದ ಮಾಲೆಯದೇ ಇರಬಹುದು, ಪಕ್ಕದವನದೂ ಇರಬಹುದು. ಅಲ್ಲಿದ್ದವರೆಲ್ಲ ಮಾಲೆ ತಂದವರೇ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸ್ವಾಮಿಗಳಿಗೆ ಮಾತ್ರ ಸಂತೋಷ ತಡೆಯಲಾಗಲಿಲ್ಲ. “ಓಲಗ ಯಾಕ್ರಯ್ಯಾ ನಿಲ್ಲಿಸಿದ್ರಿ? ಕಾಲು ಉಳೀತು, ಬಾರಿಸಿ! ಇನ್ಮೇಲೆ ಪಾದಪೂಜೆ ಇಲ್ಲ. ಎಲ್ಲರೂ ಸಾಲಾಗಿ ಬಂದು ನಿಮ್ಮ ನಿಮ್ಮ ಕಾಲು ತೋರಿಸ್ಕೊಳ್ಳಿ!”

ಓಲಗ ಮೊದಲಿಗಿಂತ ಜೋರಾಯಿತು. ಜನ ಚಪ್ಪಲಿ ಕಳಚಿ ಬಾಗಿಲಿಗೆ ಮುಗಿಬಿದ್ದರು.

ಕತೆ ಮುಗಿಯುತ್ತಲೇ ಶಿಷ್ಯ ಎದ್ದು ನಿಂತ. “ಸಂದೇಹವೇ ಇಲ್ಲ, ಆ ವೈದ್ಯೆಯ ಸೇವೆಯೇ ದೊಡ್ಡದು! ಆ ಭಕ್ತರು ಎಂಥ ಪೆದ್ದರು ಗುರುಗಳೇ!”

ಗುರುಗಳು ಎರಡೂ ಕಾಲನ್ನು ಶಾಲಿನೊಳಗೆ ಎಳೆದುಕೊಂಡು ಕೇಳಿದರು: “ದಿನಾ ಬೆಳಗ್ಗೆ ನನ್ನ ಪಾದಕ್ಕೆ ನೀರೆರೆದು ಹೂವಿಡುತ್ತೀಯಲ್ಲ, ನನ್ನ ಎಡ ಅಂಗಾಲಿನಲ್ಲಿ ಏನಿದೆ, ಹೇಳು ನೋಡೋಣ.”