ಕೊನೆಯ ಬೆಂಚಿನ ಶ್ರುತಿ

ಹೊಳೆದಂಡೆಯ ಚರ್ಚಿನಲ್ಲಿ ಮೂವತ್ತೊಂದು ವರ್ಷ ಗಾನವೃಂದ ನಡೆಸಿದವರು ಇನ್ನಾಸಪ್ಪ ಮೇಷ್ಟ್ರು. ಈಗ ಅವರ ಮೊಣಕಾಲುಗಳು ಮುಷ್ಕರ ಹೂಡಿದ್ದವು. ಹಾಡುಗಾರರ ಅಟ್ಟ ಹತ್ತಲು ಆಗುತ್ತಿರಲಿಲ್ಲ.

ಶಿಷ್ಯೆ ರೆಜಿನಾಳನ್ನು ಕರೆದರು.

"ಈ ಭಾನುವಾರ ನೀನೇ ನಡೆಸು. ಸರಿಹೋದ್ರೆ ಸಂತ ಅಂತೋಣಿಯವರ ಹಬ್ಬದ ದಿನ ಹಾರ್ಮೋನಿಯಂ ಬೀಗದಕೈ ನಿಂದು, ಗಾನವೃಂದಾನೂ ನಿಂದೇ."

ಹನ್ನೆರಡು ವರ್ಷದಿಂದ ಅವಳ ಕಣ್ಣು ಆ ಬೀಗದಕೈ ಮೇಲೇ ಇತ್ತು. ವಾರವಿಡೀ ಹುಡುಗಿಯರನ್ನು ಹಿಂಡಿ ಹಿಪ್ಪೆ ಮಾಡಿ ಅಭ್ಯಾಸ ಮಾಡಿಸಿದಳು. ಭಾನುವಾರ ಒಂದು ಸ್ವರವೂ ತಪ್ಪಲಿಲ್ಲ.

ಪೂಜೆ ಮುಗಿದದ್ದೇ ಓಡಿಬಂದಳು. "ಹೇಗಿತ್ತು ಮೇಷ್ಟ್ರೇ?"

"ತುಂಬಾ ಚೆನ್ನಾಗಿತ್ತು. ಜನ ಬಾಯಿ ಮುಚ್ಕೊಂಡು ಕೇಳಿದ್ರು."

"ಹಾಗಾದ್ರೆ ಬೀಗದಕೈ?"

"ಬಾಯಿ ಮುಚ್ಕೊಂಡಿದ್ರು ಅಂದೆನಲ್ಲ."

ರೆಜಿನಾಳ ಮುಖ ಸಪ್ಪಗಾಯಿತು. "ಏನು ತಪ್ಪಾಯ್ತು, ಹೇಳಿ."

"ಜ್ಞಾನಮ್ಮನ ಕೆಮ್ಮು ಹೇಗಿದೆ?"

"ಕೆಮ್ಮಾ? ನಂಗೇನು ಗೊತ್ತು?"

"ಹಬ್ಬದ ದಿನ ಅರ್ಧ ಗಂಟೆ ಮುಂಚೆ ಬಂದು ವಿಚಾರಿಸು," ಎಂದು ಮೇಷ್ಟ್ರು ಕೋಲೂರಿಕೊಂಡು ಹೊರಟೇಬಿಟ್ಟರು.

ಜ್ಞಾನಮ್ಮ ಕೊನೆಯ ಬೆಂಚಿನ ಮುದುಕಿ. ಪ್ರತಿ ಪೂಜೆಗೂ ಮುಂಚೆ ಮೇಷ್ಟ್ರು ಅವಳ ಪಕ್ಕ ಕೂತು ಹರಟುತ್ತಿದ್ದರು. ಮೇಷ್ಟ್ರಿಗೆ ಊರ ಸುದ್ದಿಯ ಚಟ ಎಂದು ಗಾನವೃಂದದವರೆಲ್ಲ ನಗುತ್ತಿದ್ದರು. ರೆಜಿನಾಳೂ ನಕ್ಕವಳೇ.

ಹಬ್ಬದ ಬೆಳಿಗ್ಗೆ ಅವಳು ಹೋಗಿ ಆ ಬೆಂಚಿನಲ್ಲಿ ಕೂತಳು.

"ಕೆಮ್ಮು ಹೇಗಿದೆ ಅಜ್ಜೀ?"

"ಓ, ಮೇಷ್ಟ್ರ ಬದಲು ನೀನು ಬಂದ್ಯಾ?" ಎಂದ ಜ್ಞಾನಮ್ಮ, ಯಾರೂ ಕೇಳದಿದ್ದರೂ ಗಂಟಲು ಸರಿಮಾಡಿಕೊಂಡು ಮೊದಲ ಹಾಡಿನ ಒಂದು ಸಾಲು ಹೇಳಿದಳು. ನಡುವೆಯೇ ದನಿ ಒಡೆಯಿತು. "ಇವತ್ತು ಇಷ್ಟೇ ಕಣವ್ವ ಏರೋದು. ಮೇಷ್ಟ್ರು ಆಗಿದ್ರೆ ಶ್ರುತೀನ ಇಲ್ಲಿಗೇ ಹಿಡೀತಿದ್ರು."

ಮೇಷ್ಟ್ರ ಹರಟೆಗೆ ನಕ್ಕಿದ್ದು ನೆನೆದು ರೆಜಿನಾಳಿಗೆ ನಾಚಿಕೆಯಾಯಿತು. ಅಟ್ಟ ಹತ್ತಿ ಹೋಗಿ ಹಾರ್ಮೋನಿಯಂನಲ್ಲಿ ಶ್ರುತಿಯನ್ನು ಮೂರು ಮನೆ ಕೆಳಗಿಳಿಸಿದಳು.

"ಅಯ್ಯೋ ಅಕ್ಕಾ, ಇಷ್ಟು ಕೆಳಗಾ? ನಮ್ಮ ದನಿ ಮಿಂಚೋದೇ ಇಲ್ಲ!" ಎಂದರು ಹುಡುಗಿಯರು.

"ಇವತ್ತು ಮಿಂಚೋದು ಬೇಡ. ಹಾಡಿ."

ಮೊದಲು ಕೊನೆಯ ಬೆಂಚಿನಿಂದ ಒಂದು ಒಡಕು ದನಿ ಎದ್ದಿತು. ಆಮೇಲೆ ಅದರ ಮುಂದಿನ ಬೆಂಚು, ಗಂಡಸರ ಸಾಲು, ಬಾಗಿಲ ಬಳಿ ನಿಂತವರು. ಎರಡನೇ ಚರಣದ ಹೊತ್ತಿಗೆ ಇಡೀ ಚರ್ಚು ಹಾಡುತ್ತಿತ್ತು. ರೆಜಿನಾಳ ಕಣ್ಣು ತುಂಬಿಬಂತು, ಖುಷಿಗೆ ಒಂದು ಸ್ವರ ತಪ್ಪಾಗಿಯೂ ಒತ್ತಿದಳು.

ಪೂಜೆ ಮುಗಿಯಿತು. ಅವಳು ಅಳುಕುತ್ತಲೇ ಕೆಳಗಿಳಿದು ಬಂದಳು.

"ಜನ ಹಾಡಿದ್ರು ಮೇಷ್ಟ್ರೇ. ಆದ್ರೆ ನಮ್ಮ ಗಾನವೃಂದ ಯಾರಿಗೂ ಕೇಳಿಸ್ಲೇ ಇಲ್ಲ."

ಇನ್ನಾಸಪ್ಪ ಮೇಷ್ಟ್ರು ನಗುತ್ತ ಬೀಗದಕೈ ತೆಗೆದು ಅವಳ ಅಂಗೈಯಲ್ಲಿಟ್ಟರು.

"ನಂದು ಮೂವತ್ತೊಂದು ವರ್ಷ ಕೇಳಿಸ್ಲಿಲ್ಲ ಕಣಮ್ಮ."